ಆರತಿ ತಟ್ಟೆಯಲ್ಲಿ ಎರಡು ಪಿಸ್ತೂಲು

ಕಳೆದ ಶನಿವಾರ ಬೆಳಿಗ್ಗೆ ಲಂಡನ್ನಿನ ನಮ್ಮ ಫ್ಲ್ಯಾಟುಗಳ ಕೆಳಗಿನ ಕಾರ್ ಪಾರ್ಕಿನಿಂದ ಪೊಲೀಸರು ಎರಡು ಪಿಸ್ತೂಲುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹೋದರು. ಎರಡಕ್ಕೂ ಅರಿಶಿನ ಕುಂಕುಮ ಹಚ್ಚಿತ್ತು. ಒಂದರ ಮೂತಿಯಲ್ಲಿ ಚೆಂಡುಹೂವಿತ್ತು. ಹಚ್ಚಿದವಳೂ, ಹೂ ಸಿಕ್ಕಿಸಿದವಳೂ ನಾನೇ.

ನಗು ಬಂತೇ? ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲೂ ಎಲ್ಲರೂ ನಕ್ಕರು. ಪೂರ್ತಿ ಓದಿ. ಆಮೇಲೂ ನಗು ಉಳಿದಿದ್ದರೆ ನಗಿ.

ಮೊದಲು ನಿಮ್ಮ ಗಾಬರಿ ಕಳೆಯುತ್ತೇನೆ. ಈ ದೇಶದಲ್ಲಿ ನನ್ನಂಥವರು ನಿಜವಾದ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಇವು ಗ್ಯಾಸಿನವು. ಹಿಡಿಯೊಳಗೆ ಬೆರಳುದ್ದದ ಗ್ಯಾಸ್ ಸಿಲಿಂಡರ್ ಕೂರಿಸಿದರೆ, ಟ್ರಿಗರ್ ಒತ್ತಿದಾಗೆಲ್ಲ ಒಂದೊಂದು ಸೀಸದ ಕಾಳು ಹಾರಿ ಕಾಗದದ ಗುರಿಗೆ ತೂತು ಮಾಡುತ್ತದೆ. ಆದರೆ ಅಳತೆ, ತೂಕ, ಬಣ್ಣ ಎಲ್ಲವೂ ಅಸಲಿ ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನದೇ ಪಡಿಯಚ್ಚು. ಮೇಜಿನ ಮೇಲಿಟ್ಟರೆ ನನಗೇ ವ್ಯತ್ಯಾಸ ಗೊತ್ತಾಗುವುದಿಲ್ಲ. ಇನ್ನು ಮೇಲಿನ ಮಹಡಿಯ ಕಿಟಕಿಯಿಂದ ನೋಡುವವರಿಗೆ ಹೇಗೆ ಗೊತ್ತಾಗಬೇಕು?

ಐವತ್ತು ದಾಟಿದ ಹೆಂಗಸಿಗೆ ಈ ಹುಚ್ಚು ಯಾಕೆ ಎಂದು ಕೇಳುತ್ತೀರಿ. ನನ್ನ ಸಿಡುಕಿಗೆ ಯೋಗ ಮಾಡು ಎಂದರು, ಮಾಡಿದೆ. ಯೋಗದ ಟೀಚರ್ ಮೇಲೇ ಸಿಟ್ಟು ಬಂತು. ಆಫೀಸಿನ ಗೆಳತಿಯೊಬ್ಬಳು ಈಸ್ಟ್ ಹ್ಯಾಮ್ ಆಚೆಗಿರುವ ಶೂಟಿಂಗ್ ಕ್ಲಬ್ಬಿಗೆ ಎಳೆದುಕೊಂಡು ಹೋದಳು. ಅಲ್ಲಿ ಸಿಟ್ಟಾದರೆ ಕೈ ನಡುಗುತ್ತದೆ, ಕಾಳು ಎಲ್ಲೋ ಹೋಗುತ್ತದೆ. ಉಸಿರು ಅರ್ಧ ಬಿಟ್ಟು, ಮನಸ್ಸು ಖಾಲಿ ಮಾಡಿಕೊಂಡು, ಬೆರಳನ್ನು ನಿಧಾನವಾಗಿ ಮಡಚಬೇಕು. ನನಗೆ ಅದು ಹಿಡಿಸಿತು. ಕ್ಲಬ್ಬಿನ ಪಿಸ್ತೂಲು ಸಾಕಾಗಿ ನನ್ನದೇ ಒಂದು ಬೇಕೆನಿಸಿತು.

ತೊಂದರೆ ಶುರುವಾಗಿದ್ದು ಅಲ್ಲಿ. ಎರಡು ಇಷ್ಟವಾದವು.

ಒಂದಕ್ಕೆ ಜೀವ ಇತ್ತು. ಹಾರಿಸಿದಾಗ ಮೇಲಿನ ಭಾಗ ಹಿಂದಕ್ಕೆ ಜಾರಿ, ಕೈಗೊಂದು ಒದೆ ಕೊಟ್ಟು, ಮತ್ತೆ ಮುಂದೆ ಬರುತ್ತಿತ್ತು. ಮಜವೋ ಮಜ. ಆದರೆ ಗ್ಯಾಸು ಬೇಗ ಮುಗಿಯುತ್ತಿತ್ತು, ತೂತುಗಳು ಕಾಗದದ ತುಂಬ ಚೆಲ್ಲಾಪಿಲ್ಲಿ. ಇನ್ನೊಂದರ ಮೇಲ್ಭಾಗ ಅಲ್ಲಾಡುವುದೇ ಇಲ್ಲ. ಹಿಡಿ ನನ್ನ ಚಿಕ್ಕ ಕೈಗೆ ಹೇಳಿ ಮಾಡಿಸಿದ ಹಾಗಿತ್ತು, ಕಾಳುಗಳೆಲ್ಲ ಒಂದೇ ಕಡೆ ಬೀಳುತ್ತಿದ್ದವು. ಆದರೆ ಟ್ರಿಗರ್ ಗಟ್ಟಿ. ಮೇಲಾಗಿ, ಹೇಳಲು ನಾಚಿಕೆ, ಬೋರು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುತ್ತಾರಲ್ಲ, ನನ್ನ ಸ್ಥಿತಿ ಅದು. ತಿಂಗಳುಗಟ್ಟಲೆ ರಿವ್ಯೂ ಓದಿದೆ, ವೀಡಿಯೊ ನೋಡಿದೆ, ಕ್ಲಬ್ಬಿನವರ ತಲೆ ತಿಂದೆ.

"ಒದೆಯೋ ಹಸು ಯಾರಾದ್ರೂ ದುಡ್ಡು ಕೊಟ್ಟು ತರ್ತಾರೇನೇ?" ಎಂದರು ನನ್ನ ಗಂಡ ಶ್ರೀಧರ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಅವರು. ಅಲ್ಲಾಡದೇ ಇರುವುದೆಲ್ಲ ಅವರಿಗೆ ಇಷ್ಟ.

"ರೀ, ನಿಮ್ಮನ್ನ ಕೇಳಿದ್ನಾ?" ಎಂದೆ.

ಕೊನೆಗೆ ನನ್ನ ಕಾಟ ತಾಳಲಾರದೆ ಕ್ಲಬ್ಬಿನ ಸೆಕ್ರೆಟರಿ, ಎರಡನ್ನೂ ಒಂದು ವಾರ ಮನೆಗೆ ಒಯ್ದು ತೀರ್ಮಾನ ಮಾಡಿ ಎಂದು ಕೊಟ್ಟರು. ಮನೆಯಿಂದಾಚೆ ತಂದರೆ ಪೆಟ್ಟಿಗೆಯೊಳಗೇ ಇರಬೇಕು ಎಂದು ಬೆರಳೆತ್ತಿ ಹೇಳಿದ್ದರು. ನಾನೂ ತಲೆಯಾಡಿಸಿದ್ದೆ.

ಆ ವಾರದಲ್ಲೇ ಆಯುಧಪೂಜೆ ಬಂತು. (ಲಂಡನ್ನಿನಲ್ಲಿ ಹಬ್ಬಗಳೆಲ್ಲ ಶನಿವಾರವೇ ಬರುತ್ತವೆ, ಪಂಚಾಂಗ ಏನಾದರೂ ಹೇಳಲಿ.) ಮೈಸೂರಿನವಳು ನಾನು, ಆಯುಧಪೂಜೆಯನ್ನು ಬಿಟ್ಟೇನೇ? ಅಡುಗೆಮನೆಯ ಚಾಕು, ಶ್ರೀಧರರ ಸ್ಟೆತಸ್ಕೋಪು, ನನ್ನ ಲ್ಯಾಪ್‌ಟಾಪು ಎಲ್ಲಕ್ಕೂ ಕುಂಕುಮ ಹಚ್ಚುವ ಮನೆಯಲ್ಲಿ ನಿಜವಾಗಿಯೂ ಆಯುಧದಂತೆ ಕಾಣುವುದು ಬಂದಿದ್ದು ಈ ಸಲವೇ. ಎರಡನ್ನೂ ಚಾಮುಂಡೇಶ್ವರಿ ಪಟದ ಮುಂದಿಟ್ಟೆ. ಹೇಗೂ ಇಟ್ಟಿದ್ದೇನಲ್ಲ, ತಾಯಿಯನ್ನೇ ಕೇಳಿಬಿಡೋಣ ಎನಿಸಿತು. ಪಟದ ಬಲಕ್ಕೊಂದು, ಎಡಕ್ಕೊಂದು ಹೂವನ್ನು ನೀರಿನಲ್ಲಿ ಅದ್ದಿ ಅಂಟಿಸಿದೆ. ಬಲಗಡೆಯದು ಬಿದ್ದರೆ ಅಲ್ಲಾಡದ್ದು, ಎಡಗಡೆಯದು ಬಿದ್ದರೆ ಒದೆಯುವುದು.

ಕೈಮುಗಿದು ಕಾದೆ. ಎರಡೂ ಬೀಳಲಿಲ್ಲ. ಶ್ರೀಧರ ಡ್ಯೂಟಿಗೆ ಹೊರಟಿದ್ದರು. "ಅವಳಿಗೂ ರಿವ್ಯೂ ಓದಕ್ಕೆ ಟೈಮ್ ಕೊಡೇ" ಎಂದು ಹೇಳಿ ಹೋದರು.

ಆದ್ದರಿಂದ ಎರಡಕ್ಕೂ ಪೂಜೆ. ಕಾರಿಗೂ ಅದೇ ಆರತಿ ಆಗಲಿ ಎಂದು ದೊಡ್ಡ ಸ್ಟೀಲ್ ತಟ್ಟೆಯಲ್ಲಿ ನಿಂಬೆಹಣ್ಣು, ಹೂವು, ಕುಂಕುಮ, ಕರ್ಪೂರದಾರತಿಯ ಜೊತೆ ಎರಡೂ ಪಿಸ್ತೂಲು ಇಟ್ಟುಕೊಂಡು ಲಿಫ್ಟಿನಲ್ಲಿ ಕೆಳಗೆ ಬಂದೆ. ಪೆಟ್ಟಿಗೆಯ ಮಾತು ನೆನಪಿರಲಿಲ್ಲವೇ? ಇತ್ತು. ಆದರೆ ಕಾರ್ ಪಾರ್ಕು ಎಂದರೆ ನನ್ನ ಲೆಕ್ಕದಲ್ಲಿ ಮನೆಯಂಗಳ. ಅಂಗಳದಲ್ಲಿ ಪೂಜೆ ಮಾಡುವಾಗ ಯಾರು ಪೆಟ್ಟಿಗೆ ಹುಡುಕುತ್ತಾರೆ?

ಅಲ್ಲಿ ಡೆಸ್ಮಂಡ್ ಸಿಕ್ಕಿದರು. ನಮ್ಮ ಎದುರು ಫ್ಲ್ಯಾಟಿನವರು. ತಂದೆತಾಯಿ ಜಮೈಕಾದಿಂದ ಬಂದವರು, ಇವರು ಹುಟ್ಟಿದ್ದು ಬೆಳೆದದ್ದು ಇಲ್ಲೇ ಸ್ಟ್ರಾಟ್‌ಫರ್ಡ್ ಹತ್ತಿರ. ಪಕ್ಕದ ರಸ್ತೆಯ ಶಾಲೆಯಲ್ಲಿ ಗಣಿತದ ಮೇಷ್ಟ್ರು. ನಮ್ಮ ಕಟ್ಟಡದ ಅರ್ಧ ಮಕ್ಕಳು ಅವರ ವಿದ್ಯಾರ್ಥಿಗಳು. ಲಿಫ್ಟಿನಲ್ಲಿ ಅವರು ಬಂದರೆ ಗಲಾಟೆ ಮಾಡುವ ಹುಡುಗಿಯರೂ ನೆಟ್ಟಗೆ ನಿಲ್ಲುತ್ತಾರೆ. ಪ್ರತಿವರ್ಷ ನಮ್ಮ ಹಬ್ಬದ ಸಿಹಿಯಲ್ಲಿ ಅವರ ಪಾಲು ಇದ್ದೇ ಇರುತ್ತದೆ. ಅಂದು ಕಾರಿನಿಂದ ಮಕ್ಕಳ ಉತ್ತರಪತ್ರಿಕೆ ತೆಗೆದುಕೊಳ್ಳಲು ಬಂದಿದ್ದರು.

"ಏನು ಶೈಲಾ, ಕಾರಿನ ಬರ್ತ್‌ಡೇ ಬಂತಾ?" ಎಂದರು. (ಮಾತೆಲ್ಲ ಇಂಗ್ಲಿಷಿನಲ್ಲಿ, ನಿಮಗಾಗಿ ಕನ್ನಡ ಮಾಡಿದ್ದೇನೆ.) ಆಮೇಲೆ ತಟ್ಟೆ ನೋಡಿದರು. ನಗು ನಿಂತಿತು.

ಗ್ಯಾಸಿನದು, ಆಟದ್ದು, ದೇವಿ ಇನ್ನೂ ಯಾವುದು ಎಂದು ಹೇಳಿಲ್ಲ ಎಂದೆಲ್ಲ ವಿವರಿಸಿದೆ. ಅಷ್ಟರಲ್ಲಿ ಬೆಂಕಿಪೊಟ್ಟಣ ಮರೆತದ್ದು ಗೊತ್ತಾಯಿತು.

"ಸ್ವಲ್ಪ ಹಿಡ್ಕೊಂಡಿರ್ತೀರಾ? ಆರತಿ ತಟ್ಟೆ, ನೆಲಕ್ಕಿಡೋ ಹಾಗಿಲ್ಲ."

"ಇದರ ಮೇಲೆ ಒಂದು ಬಟ್ಟೆ ಮುಚ್ಚೋಣ್ವಾ?"

"ಹೂ ಬಾಡುತ್ತೆ. ಐದೇ ನಿಮಿಷ" ಎಂದು ತಟ್ಟೆಯನ್ನು ಅವರ ಕೈಗೆ ತುರುಕಿ ಓಡಿದೆ. ಅವರು ಬೇಡ ಎನ್ನಲಿಲ್ಲ. ನಮ್ಮ ದೇವರ ತಟ್ಟೆಗೆ ಬೇಡ ಎನ್ನುವುದು ಹೇಗೆಂದು ಸುಮ್ಮನಾದರೋ ಏನೋ. ಬೆಂಕಿಪೊಟ್ಟಣ ಹುಡುಕುವಾಗ ನನಗೆ ಅಕ್ಕನ ಫೋನ್ ಬಂತು. ಹಬ್ಬದ ದಿನ ಅಕ್ಕನ ಫೋನು ಐದು ನಿಮಿಷಕ್ಕೆ ಮುಗಿಯುತ್ತದೆಯೇ? ಅಷ್ಟು ಹೊತ್ತೂ ಆ ಮನುಷ್ಯ ಖಾಲಿ ಕಾರ್ ಪಾರ್ಕಿನ ನಡುವೆ ಎರಡು ಪಿಸ್ತೂಲು ಹಿಡಿದು ಒಬ್ಬರೇ ನಿಂತಿದ್ದರು. ಯಾವ ಕಿಟಕಿಯಿಂದ ಯಾರು ನೋಡಿ ಪೊಲೀಸರಿಗೆ ಫೋನ್ ಮಾಡಿದರೋ ಗೊತ್ತಿಲ್ಲ. ಅವರನ್ನು ದೂರುವುದೂ ಇಲ್ಲ, ಅವರ ಜಾಗದಲ್ಲಿ ನಾನಿದ್ದರೆ ನಾನೂ ಮಾಡುತ್ತಿದ್ದೆ.

ಕೆಳಗೆ ಬಂದು ಕರ್ಪೂರ ಹಚ್ಚಿ, ಆರತಿಯನ್ನು ಕೈಗೆತ್ತಿಕೊಂಡೆ. ತಟ್ಟೆ ಮೇಷ್ಟ್ರ ಕೈಯಲ್ಲೇ ಇತ್ತು. ಬಾನೆಟ್ಟಿಗೆ ಎತ್ತುತ್ತಿದ್ದಾಗ ಗೇಟಿನ ಕಡೆಯಿಂದ ಕೂಗು ಕೇಳಿಸಿತು. ಹೆಲ್ಮೆಟ್ ಹಾಕಿದವರು, ಕೈಯಲ್ಲಿ ಬಂದೂಕು ಇದ್ದವರು. ಅವು ಗ್ಯಾಸಿನವಲ್ಲ.

ಡೆಸ್ಮಂಡ್ ತಟ್ಟೆಯನ್ನು ಬಹಳ ನಿಧಾನವಾಗಿ ನೆಲಕ್ಕಿಟ್ಟರು. ಕೈ ಮೇಲೆತ್ತಿದರು. ಹೇಳುವ ಮೊದಲೇ ಮಂಡಿಯೂರಿದರು, ಆಮೇಲೆ ಮಕಾಡೆ ಮಲಗಿದರು. ಇದನ್ನೆಲ್ಲ ಯಾವಾಗಲೋ ಕಲಿತು ಇಟ್ಟುಕೊಂಡಂತಿತ್ತು. ನನಗೆ ಯಾರೂ ಇದನ್ನು ಕಲಿಸಿರಲಿಲ್ಲ, ನನಗೆ ಕಲಿಯುವ ಅಗತ್ಯವೂ ಬಂದಿರಲಿಲ್ಲ.

"ಸ್ಟೆಪ್ ಅವೇ ಫ್ರಮ್ ಹಿಮ್, ಮ್ಯಾಮ್" ಎಂದು ಪೊಲೀಸರು ನನಗೆ ಹೇಳಿದರು.

ನಾನು ಸರಿದೆ.

ಪೊಲೀಸ್ ಹೆಂಗಸೊಬ್ಬಳು ನನ್ನ ಭುಜ ಹಿಡಿದು ತನ್ನ ಬೆನ್ನ ಹಿಂದಕ್ಕೆ ಕರೆದುಕೊಂಡಳು. "ಇನ್ನು ಭಯ ಬೇಡ, ನೀವು ಸೇಫ್" ಎಂದಳು. ನಾನು ತಲೆಯಾಡಿಸಿದೆ. ಹೌದು, ತಲೆಯಾಡಿಸಿದೆ. ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಉರಿಯುವ ಆರತಿ ಹಿಡಿದುಕೊಂಡು, ಆ ಮೇಷ್ಟ್ರಿಂದ ನನ್ನನ್ನು ಕಾಪಾಡಿದ್ದಕ್ಕೆ ಎಂಬಂತೆ ತಲೆಯಾಡಿಸಿದೆ.

ಮೇಲಿನ ಬಾಲ್ಕನಿಗಳಲ್ಲಿ ಫೋನುಗಳು ಬಂದಿದ್ದವು. "ಸರ್?" ಎಂದು ಒಂದು ಹುಡುಗಿಯ ದನಿ ಕೇಳಿಸಿತು. ಡೆಸ್ಮಂಡ್ ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡರು. ಅವರ ಕೈಗೆ ಬೇಡಿ ಬಿದ್ದ ಮೇಲೆ ನನಗೆ ನಾಲಿಗೆ ಬಂತು.

"ಅವು ನನ್ನವು" ಎಂದೆ. "ಪೂಜೆಗೆ ಇಟ್ಟಿದ್ದೆ."

"ನಿಮ್ಮವಾ, ಮ್ಯಾಮ್?" ಎಂದ ಅಧಿಕಾರಿಯ ದನಿ ಎಷ್ಟು ಮೃದುವಾಗಿತ್ತೆಂದರೆ ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ನನ್ನನ್ನು ಯಾರೂ ನೆಲದ ಮೇಲೆ ಮಲಗಿಸಲಿಲ್ಲ. ಕುರ್ಚಿ ತರಬೇಕೇ ಎಂದು ಕೇಳಿದರು. ಪಿಸ್ತೂಲು ಪರೀಕ್ಷಿಸಿದರು, ಕ್ಲಬ್ಬಿಗೆ ಫೋನ್ ಮಾಡಿದರು, ಹೀಗೆ ತೆರೆದು ತರುವುದು ತಪ್ಪು ಎಂದರು. ಬೇಡಿ ಬಿಚ್ಚಿದ ಮೇಲೆ ಡೆಸ್ಮಂಡ್ ನಮ್ಮ ಕಾರಿನ ಬಾನೆಟ್ ಹಿಡಿದುಕೊಂಡು ಎದ್ದರು. ಅಂಗಿಯ ಎದೆಗೆಲ್ಲ ತಟ್ಟೆಯಿಂದ ಚೆಲ್ಲಿದ ಕುಂಕುಮ ಅಂಟಿತ್ತು. ಉತ್ತರಪತ್ರಿಕೆಗಳನ್ನು ತೆಗೆದುಕೊಂಡು, ಯಾರ ಕಡೆಗೂ ನೋಡದೆ, ಲಿಫ್ಟಿಗೆ ಕಾಯದೆ, ಮೆಟ್ಟಿಲು ಹತ್ತಿ ಹೋದರು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವರು ಮೇಷ್ಟ್ರು.

ಶ್ರೀಧರ ಬಂದವರೇ ನನ್ನ ಬಿಪಿ ನೋಡಿದರು. "ನಿಂಗೇನೂ ಆಗ್ಲಿಲ್ವಲ್ಲ, ಬಿಡು" ಎಂದರು. ವಾಟ್ಸಾಪಿನಲ್ಲಿ ದುರ್ಗೆಯ ಕೈಗೆ ಪಿಸ್ತೂಲು ಕೊಟ್ಟ ಚಿತ್ರಗಳು ಬಂದವು. ಒಬ್ಬರು, "ಅಲ್ಲಾ ಶೈಲಾ, ಅಂಥವರ ಕೈಗೆ ಯಾಕೆ ಆರತಿ ತಟ್ಟೆ ಕೊಡಕ್ಕೆ ಹೋದ್ರಿ?" ಎಂದು ಕೇಳಿದರು. ಅಂಥವರು ಎಂದರೆ ಎಂಥವರು? ಮೇಷ್ಟ್ರುಗಳೇ? ಕೇಳಬೇಕು ಎಂದುಕೊಂಡೆ. ಕೇಳಲಿಲ್ಲ. ಗ್ರೂಪಿನಿಂದ ಹೊರಬಂದೆ, ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಭಾನುವಾರ ಪೊಲೀಸರಿಂದ ಫೋನ್ ಬಂತು. ನಿಮ್ಮ ಹಬ್ಬಕ್ಕೆ ತೊಂದರೆಯಾಯಿತು, ಕ್ಷಮಿಸಿ, ಪಿಸ್ತೂಲುಗಳನ್ನು ಕ್ಲಬ್ಬಿಗೇ ತಲುಪಿಸುತ್ತೇವೆ ಎಂದರು. ಡೆಸ್ಮಂಡರಿಗೂ ಫೋನ್ ಮಾಡಿದಿರಾ ಎಂದೆ. ಅದು ತಮಗೆ ಗೊತ್ತಿಲ್ಲ ಎಂದರು.

ಸಂಜೆ ಎದುರು ಬಾಗಿಲು ತಟ್ಟಿದೆ. ಕೈಯಲ್ಲಿ ಸಜ್ಜಿಗೆಯ ಡಬ್ಬಿ ಇತ್ತು. (ನಮಗೆ ತಪ್ಪೊಪ್ಪಿಕೊಳ್ಳುವುದಕ್ಕೂ ತುಪ್ಪ ಬೇಕು.) ಡೆಸ್ಮಂಡ್ ಬಾಗಿಲು ತೆರೆದರು. ಒಳಗೆ ಕರೆಯಲಿಲ್ಲ, ಒರಟಾಗಿಯೂ ಮಾತಾಡಲಿಲ್ಲ. ಬಲ ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದರು.

ಬಟ್ಟೆ ಮುಚ್ಚೋಣ ಎಂದಿರಿ, ನಾನು ಕೇಳಲಿಲ್ಲ ಎಂದೆ. ಅವರು ಹೌದು ಎಂದರು.

"ಫೋನ್ ಬಂತಾ ನಿಮಗೆ?"

"ಅಂಥ ಫೋನಿಗೆ ನಾನು ಕಾಯೋದಿಲ್ಲ ಶೈಲಾ. ನಾಳೆ ಮೊದಲ ಪೀರಿಯಡ್ಡು ಹತ್ತನೇ ಕ್ಲಾಸಿನವರದು. ಅವರೆಲ್ಲ ವೀಡಿಯೊ ನೋಡಿ ಆಗಿದೆ. ಹೇಗೆ ಒಳಗೆ ಹೋಗಲಿ, ಯಾವ ಲೆಕ್ಕದಿಂದ ಶುರು ಮಾಡಲಿ ಅಂತ ಯೋಚನೆ ಮಾಡ್ತಾ ಇದ್ದೀನಿ."

"ನಾನು ಶಾಲೆಗೆ ಬರ್ತೀನಿ. ಎಲ್ಲರ ಮುಂದೆ ಹೇಳ್ತೀನಿ."

"ಏನಂತ?"

"ಪಿಸ್ತೂಲು ನನ್ನದು ಅಂತ."

"ಅದು ಈಗ ಪೊಲೀಸರಿಗೂ ಗೊತ್ತು." ಸ್ವಲ್ಪ ಹೊತ್ತು ನನ್ನ ಕಾಲಿನ ಕಡೆಗೆ ನೋಡಿದರು. "ನಾನು ಮಲಗಿದ್ದ ಜಾಗದಿಂದ ನಿಮ್ಮ ಚಪ್ಪಲಿ ಮಾತ್ರ ಕಾಣ್ತಿತ್ತು. ಇವರು ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಅದನ್ನೇ ನೋಡ್ತಾ ಇದ್ದೆ. ಬಹಳ ಬೇಗ ಹೊರಟುಹೋದವು."

ಡಬ್ಬಿ ತೆಗೆದುಕೊಂಡು ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಂಡರು.

ಸೋಮವಾರ ಬೆಳಿಗ್ಗೆ ಅವರು ಎಂದಿನಂತೆ ಟೈ ಕಟ್ಟಿ, ಚೀಲ ಹೆಗಲಿಗೇರಿಸಿ ಶಾಲೆಗೆ ಹೋದದ್ದನ್ನು ಕಿಟಕಿಯಿಂದ ನೋಡಿದೆ. ಕ್ಲಾಸಿನಲ್ಲಿ ಏನಾಯಿತು ಎಂದು ಕೇಳುವ ಮುಖ ನನಗಿಲ್ಲ. ಶಾಲೆಯ ಮುಖ್ಯಸ್ಥರಿಗೆ ನಡೆದದ್ದನ್ನೆಲ್ಲ ಬರೆದು ಕಳಿಸಿದ್ದೇನೆ, ನಾನು ಸರಿದು ನಿಂತದ್ದನ್ನೂ ಸೇರಿಸಿ. ಕ್ಲಬ್ಬಿನ ಸೆಕ್ರೆಟರಿ ಎರಡರಲ್ಲಿ ಯಾವುದು ಎಂದು ಕೇಳಿದ್ದಾರೆ. ಉತ್ತರ ಕೊಟ್ಟಿಲ್ಲ.

ಎರಡು ಪಿಸ್ತೂಲುಗಳಲ್ಲಿ ಒಂದನ್ನು ಆರಿಸಲು ತಿಂಗಳುಗಳು ಸಾಲದ ನನಗೆ, ಮೇಷ್ಟ್ರ ಪಕ್ಕ ನಿಲ್ಲುವುದೋ ಪೊಲೀಸರ ಬೆನ್ನ ಹಿಂದೆ ನಿಲ್ಲುವುದೋ ಎಂದು ಆರಿಸಲು ಅರೆಗಳಿಗೆಯೂ ಬೇಕಾಗಲಿಲ್ಲವಲ್ಲ, ಯಾಕೆ?