ಶನಿವಾರದ ಮೀನುಗಳು

ಗೆಳತಿಯರೇ, ಹಿರಿಯೂರಿನ ನಮ್ಮ ಮನೆಯ ಕಿಟಕಿಯ ಬಳಿ ಈಗ ಒಂದು ಪುಟ್ಟ ಕೆರೆಯೇ ಇದೆ! ನಾನೂ ನಮ್ಮವರೂ ಸೇರಿ ಗಾಜಿನ ತೊಟ್ಟಿ ಇಟ್ಟಿದ್ದೇವೆ. ಮೋಟಾರಿಲ್ಲ, ದೀಪವಿಲ್ಲ, ತಳಕ್ಕೆ ಕೆರೆಮಣ್ಣು, ಅದರಲ್ಲಿ ನೀರುಗಿಡಗಳು, ನಡುವೆ ಪುಟಾಣಿ ಮೀನುಗಳು. ಎಷ್ಟು ಮುದ್ದು ಅಂತೀರಿ! ಆದರೆ ಹೊಸ ಸೊಸೆಯನ್ನು ನೋಡಲು ಬಂದವರೆಲ್ಲ ನನ್ನನ್ನು ಬಿಟ್ಟು ಮೀನು ನೋಡುತ್ತಾರೆ, ತಿನ್ನಲು ಕೊಟ್ಟ ಮಂಡಕ್ಕಿಯನ್ನು ಅವಕ್ಕೇ ಎಸೆಯುತ್ತಾರೆ. ನೀರು ಕೊಳೆತು ಮೀನು ಸಾಯುತ್ತವೆ ಎಂದು ಇವತ್ತು ಎಷ್ಟು ಹೇಳಿದರೂ ಪಕ್ಕದ ಮನೆಯ ಗೌರಕ್ಕ ಕೇಳಲಿಲ್ಲ.

"ಸುಮ್ನಿರವ್ವ, ಪಾಪ ಹಸ್ದಾವೆ," ಎಂದು ಇನ್ನೊಂದು ಹಿಡಿ ತೆಗೆದರು.

ನಾನು ಗಂಭೀರವಾಗಿ, "ಬೇಡ್ರಿ ಅಕ್ಕ, ಇವತ್ತು ಶನಿವಾರ. ಅವು ಉಪವಾಸ," ಎಂದೆ.

ಗೌರಕ್ಕ ತಟ್ಟನೆ ಮಂಡಕ್ಕಿ ಕೆಳಗಿಟ್ಟು ತೊಟ್ಟಿಗೆ ಕೈಮುಗಿದರು! ಗೆದ್ದ ಖುಷಿಯಲ್ಲಿ ನಾನು ಮೆಣಸಿನಕಾಯಿ ಬಜ್ಜಿಗೆ ಕೈ ಹಾಕಿದೆ. ಅತ್ತೆ ತಟ್ಟೆಯನ್ನೇ ಎತ್ತಿಕೊಂಡರು.

"ಏನವ್ವ, ಮೀನೇ ಉಪವಾಸ ಅವೆ, ಮನೆ ಸೊಸೆ ತಿಂದ್ರೆ ಚೆಂದಾಗಿರ್ತೈತಾ?"

ನನ್ನ ಪಾಲಿನ ಬಜ್ಜಿಯನ್ನೂ ನಮ್ಮವರೇ ಮುಗಿಸಿದರು. ಮೀನುಗಳು ಗಾಜಿಗಂಟಿದ ಪಾಚಿಯನ್ನು ಆರಾಮಾಗಿ ಮೆಲ್ಲುತ್ತಿವೆ. ಮನೆಯಲ್ಲಿ ನಿಜವಾಗಿ ಉಪವಾಸ ಇರುವವಳು ನಾನೊಬ್ಬಳೇ.