ಫೋಟೋದಾಗ ಇದ್ದಂಗ ಇಲ್ಲಲ್ಲ!

2007 ಇರಬೇಕು. ಸಂಡೂರಿನ ಅದಿರು ಲಾರಿಗಳು ಹೊಸಪೇಟೆ ರಸ್ತೆಯನ್ನೆಲ್ಲ ಕೆಂಪು ಮಾಡಿದ್ದ ಕಾಲ. ಕಂಪ್ಲಿಯಲ್ಲಿ ನಮ್ಮದು ಅಕ್ಕಿ ಗಿರಣಿ, ಅದರ ಹಿಂದೆಯೇ ಮನೆ. ಗಣಿಯವರೆಲ್ಲ ವೆಬ್‌ಸೈಟ್ ಮಾಡಿಸುತ್ತಿದ್ದಾರೆಂದು ಅಣ್ಣನೂ ಹಟ ಹಿಡಿದು ಹೊಸಪೇಟೆಯ ಒಬ್ಬರಿಂದ ಗಿರಣಿಗೊಂದು ಮಾಡಿಸಿದ್ದ.

ಆ ಭಾನುವಾರ ನನ್ನನ್ನು ನೋಡಲು ಸಂಡೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಗಣಿ ಕಂಪನಿಯೊಂದರಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಾರೆ ಎಂದಷ್ಟೇ ಗೊತ್ತು. ನನ್ನ ಫೋಟೋ ಅವರಿಗೆ ಹೋಗಿತ್ತು, ಅವರದು ಬಂದಿರಲಿಲ್ಲ.

ಬೆಳಿಗ್ಗೆ ಫೋನ್ ಬಂತು. "ಮೂರು ಮಂದಿ ಹೊಂಟೀವ್ರಿ. ಇವತ್ತ ಬರಬಹುದಲ್ರಿ?"

"ಬರ್ರಿ ಬರ್ರಿ, ನಿಮ್ಮ ಮನಿ ಅಂತ ತಿಳ್ಕೊಂಡು ಬರ್ರಿ" ಅಂದರು ಅಪ್ಪ.

ಊಟಕ್ಕೆ ಮುಂಚೆ ಕಾರು ಬಂತು. ಗಂಡ, ಹೆಂಡತಿ, ಎತ್ತರದ ಮಗ. ಡಿಕ್ಕಿಯಿಂದ ದೊಡ್ಡ ದೊಡ್ಡ ಸೂಟ್‌ಕೇಸ್ ಇಳಿಸಿದರು. ಅವ್ವ ನನ್ನ ಮುಖ ನೋಡಿದಳು. ಹೆಣ್ಣು ನೋಡಲು ಬಂದವರಿಗೆ ಸೂಟ್‌ಕೇಸ್ ಯಾಕೆ? ಆದರೆ ಬಾಯಿಬಿಟ್ಟು ಕೇಳುವುದು ಹೇಗೆ?

ಸೀರೆ ಉಟ್ಟು, ಟ್ರೇ ಹಿಡಿದು ಚಹಾ ತಂದೆ. ಆ ತಾಯಿ ನನ್ನ ಕಡೆಗೊಮ್ಮೆ, ಪಡಸಾಲೆ ಕಡೆಗೊಮ್ಮೆ ನೋಡಿ ಮಗನಿಗೆ ಹೇಳಿದರು: "ಫೋಟೋದಾಗ ಇದ್ದಂಗ ಇಲ್ಲಲ್ಲಪಾ."

"ಹೂಂ, ಫೋಟೋದಾಗ ಭಾಳ ಚಲೋ ಕಾಣತಿತ್ತು" ಅಂದ ಮಗ.

ನಾನು ಟ್ರೇ ಅಲ್ಲೇ ಇಟ್ಟು ಹಿಂದೆ ಸರಿದೆ. ಅಪ್ಪ ಹೇಗೋ ಸಂಭಾಳಿಸಲು, "ಅದು ಹಳೇ ಫೋಟೋರಿ" ಅಂದರು.

"ಇರ್ಲಿ ಬಿಡ್ರಿ. ಎರಡು ದಿನ ಇದ್ದು ನೋಡ್ತೀವಿ. ಬಚ್ಚಲ ಎಲ್ಲಿ ಅದರಿ?" ಅಂದರು ಬಂದ ಯಜಮಾನರು.

ಎರಡು ದಿನ ಇದ್ದು ನೋಡುವುದಾ! ಅಪ್ಪ ಬಚ್ಚಲು ತೋರಿಸಿದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅಷ್ಟರಲ್ಲಿ ಇನ್ನೊಂದು ಗಾಡಿ ಬಂತು. ಸೋದರಮಾವ ಮೂವರನ್ನು ಇಳಿಸಿಕೊಂಡು, "ಭಾವ, ಇವರಾ ನೋಡ್ರಿ ಸಂಡೂರಿನವರು" ಅಂದ.

ಅಪ್ಪ ಕಣ್ಣು ಕಣ್ಣು ಬಿಟ್ಟರು. "ಹಂಗಾದ್ರ ಬಚ್ಚಲದಾಗ ಇರೋರು ಯಾರಲೇ?"

ತಲೆ ಒರೆಸಿಕೊಳ್ಳುತ್ತ ಹೊರಬಂದ ಯಜಮಾನರೂ ಅಷ್ಟೇ ಗಾಬರಿಯಾದರು. "ನಾವು ಸೊಲ್ಲಾಪುರದವರ್ರಿ, ಹಂಪಿ ನೋಡಾಕ ಬಂದೀವಿ. ಇದು ಹೊಳಿ ದಂಡಿ ಗೆಸ್ಟ್ ಹೌಸ್ ಅಲ್ಲೇನ್ರಿ? ಇಂಟರ್ನೆಟ್‌ನಾಗ ಇದಾ ವಿಳಾಸ, ಇದಾ ಫೋನ್ ನಂಬರ್ ಅದರಿ!"

ಯಾರಿಗೂ ಏನೂ ತಿಳಿಯಲಿಲ್ಲ. ಸಂಡೂರಿನ ಹುಡುಗ ಮಾತ್ರ ಮುಂದೆ ಬಂದು, ಗಿರಣಿ ಆಫೀಸಿನ ಕಂಪ್ಯೂಟರ್ ನೋಡಬಹುದಾ ಎಂದು ಕೇಳಿದರು. ನೋಡಿದರೆ, ಹಂಪಿ ಕಡೆಯ ಆ ಗೆಸ್ಟ್ ಹೌಸಿನ ವೆಬ್‌ಸೈಟಿನಲ್ಲಿ 'ವಿಳಾಸ' ಅನ್ನುವಲ್ಲಿ ಒತ್ತಿದ ಕೂಡಲೇ ನಮ್ಮ ಗಿರಣಿಯ ಪುಟ ತೆರೆಯುತ್ತಿತ್ತು; ಅದರಲ್ಲಿ ಗಿರಣಿಯ ಹೆಸರಿಲ್ಲ, ಬರೀ ವಿಳಾಸ, ಫೋನ್ ನಂಬರ್. ಎರಡನ್ನೂ ಮಾಡಿದವರು ಹೊಸಪೇಟೆಯ ಅವರೊಬ್ಬರೇ. ಅಣ್ಣ ಅವರಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈಯತೊಡಗಿದ.

"ಬೈಬ್ಯಾಡ್ರಿ, ಇಲ್ಲಿ ಕೊಡ್ರಿ" ಎಂದು ಹುಡುಗ ಫೋನ್ ತೆಗೆದುಕೊಂಡರು. "ಗಾಬರಿ ಆಗಬ್ಯಾಡ್ರಿ ಸರ್. ಹಳೇ ಪುಟಕ್ಕ ಬಂದವರನ್ನ ಹೊಸ ಪುಟಕ್ಕ ಕಳಿಸಾಕ ಗಿರಣಿಗೆ ನಾಕು ಸಾಲು ಬರದೀರಲ್ಲ, ಅವನ್ನಾ ಗೆಸ್ಟ್ ಹೌಸಿಗೂ ಕಾಪಿ ಮಾಡೀರಿ ಅನಸ್ತೈತಿ. ಗಿರಣಿ ಹೆಸರು ತಗದು ಗೆಸ್ಟ್ ಹೌಸಿನ ಹೆಸರು ಹಾಕೋದು ಮರತೀರಿ. ನಾನೂ ಒಮ್ಮಿ ಹಿಂಗ ಕಾಪಿ ಮಾಡಿ ಇಡೀ ಆಫೀಸಿನ ಇಂಟರ್ನೆಟ್ ಬಂದ್ ಮಾಡಿದ್ದೆ."

ಆಮೇಲೆ ಸ್ಲ್ಯಾಷ್, ಡಾಟ್, ಡಾಲರ್ ಎಂದು ಒಂದೊಂದೇ ಅಕ್ಷರ ಹೇಳಿ ಬರೆಸಿದರು. ಹಿರಿಯರೆಲ್ಲ ಸುತ್ತ ನಿಂತು ಏನೂ ಅರ್ಥವಾಗದೆ ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ವಿಳಾಸ ಸರಿಹೋಯಿತು.

ಸೊಲ್ಲಾಪುರದ ತಾಯಿ ಒಳಗೆ ಬಂದು ನನ್ನ ಕೈ ಹಿಡಿದರು. "ಅಯ್ಯ ತಂಗಿ, ನಾ ಅಂದಿದ್ದು ಜಾಗಕ್ಕ! ಫೋಟೋದಾಗ ಹೊಳಿ, ಗುಡ್ಡ ಎಲ್ಲಾ ಇತ್ತು." ಅಳುತ್ತಿದ್ದವಳಿಗೆ ನಗು ತಡೆಯಲಾಗಲಿಲ್ಲ. ಎರಡೂ ಕಡೆಯವರು ಒಂದೇ ಪಂಕ್ತಿಯಲ್ಲಿ ಊಟ ಮಾಡಿ ಹೋದರು.

ಸಂಜೆ ಅವ್ವ, "ಏನಂತೀಯವಾ?" ಅಂದಾಗ ಕೂಡಲೇ ಹೂಂ ಅಂದೆ. ಆ ನಾಕು ಸಾಲು ಏನೆಂದು ನಮ್ಮವರು ಎಷ್ಟೋ ಸಲ ಬಿಡಿಸಿ ಹೇಳಿದ್ದಾರೆ, ನನಗಿನ್ನೂ ತಲೆಗೆ ಹೋಗಿಲ್ಲ. ಆದರೆ ತಪ್ಪು ಮಾಡಿ ಹೆದರಿದ್ದ ಕಾಣದ ಒಬ್ಬ ಮನುಷ್ಯನ ಜೊತೆ ಅವರು ಮಾತಾಡಿದ ರೀತಿ ಮಾತ್ರ ಅವತ್ತೇ ಅರ್ಥವಾಗಿತ್ತು.