ಕೂಸಿಗೆ ಉಣಿಸಿದ್ದಕ್ಕೂ ಕೂಲಿ

ಬಿಸಿ ಬೇಳೆಯಲ್ಲಿ ಜೋಳದ ರೊಟ್ಟಿ ಮುರಿದು ಕಿವುಚುವಾಗ ಒಂದು ವಾಸನೆ ಏಳುತ್ತದಲ್ಲ, ರಾಯಚೂರಿನ ನನ್ನ ರೊಟ್ಟಿ ಅಂಗಡಿಯ ಹಿಂದಿನ ಕೋಣೆಯಿಂದ ದಿನಾ ಮಧ್ಯಾಹ್ನಕ್ಕೆ ಮುಂಚೆ ಅದು ಬರುತ್ತದೆ. ಗಿರಾಕಿಗಳು ಅದನ್ನೂ ಒಂದು ಪ್ಲೇಟ್ ಕೊಡಿ ಅನ್ನುತ್ತಾರೆ. ಕೊಡುವುದಿಲ್ಲ. ಖಾಲಿ ಚೀಲವನ್ನೂ ಮಾರಬಲ್ಲ ನಾನು ಮಾರದೇ ಬಿಟ್ಟದ್ದು ಅದೊಂದೇ. ಅದು ರೊಟ್ಟಿ ಬಡಿಯುವ ಹೆಂಗಸರ ಮಕ್ಕಳ ಊಟ.

ಆ ವಾಸನೆ ನನ್ನನ್ನು ದೇವದುರ್ಗದ ಹತ್ತಿ ಹೊಲಕ್ಕೆ ಎಳೆದೊಯ್ಯುತ್ತದೆ. ಆಗ ನಾನು ಕಳೆ ತೆಗೆಯುವ ಹೆಂಗಸರ ಮುಂದಾಳು. ದೊಡ್ಡ ಹುದ್ದೆಯೇನಲ್ಲ, ಬಾಯಿ ಜೋರಿದ್ದವಳಿಗೆ ಉಳಿದವರು ಹೊರಿಸಿದ ಕೆಲಸ. ಮಗಳು ಗೌರಿಗೆ ಒಂದೂವರೆ ವರ್ಷ. ಅಂಗನವಾಡಿಯ ಅಕ್ಕೋರು ಅವಳನ್ನು ತೂಗಿ, "ತೂಕ ಇನ್ನೂ ಇಳದದ ನೋಡವ್ವಾ. ಹಿಂಗಾದ್ರ ಕೂಸು ಉಳಿಯೂದು ಕಷ್ಟ" ಅಂದಿದ್ದರು.

ಓಣಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಕೆಲಸ ಬಿಡು. ಬಿಟ್ಟರೆ ಒಲೆ ಹೊತ್ತಿಸುವುದು ಹೇಗೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಮನೆಯಲ್ಲಿ ಬಿಟ್ಟರೆ ಕೂಸಿಗೆ ಚಹಾದಲ್ಲಿ ಅದ್ದಿದ ಬನ್ನು. ಹೊಲಕ್ಕೆ ಒಯ್ದರೆ ಬದುವಿನ ಮೇಲೆ ಅತ್ತು ಅತ್ತು ನಿದ್ದೆ.

ನಮ್ಮ ಓಣಿಯಲ್ಲಿ ಹುಲಿಗೆಮ್ಮವ್ವ ಅಂತ ಒಬ್ಬ ಮುದುಕಿ. ಸೊಂಟ ಬಗ್ಗುತ್ತಿರಲಿಲ್ಲವಾಗಿ ಅವಳನ್ನು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಒಂದು ಮುಂಜಾನೆ ನಮ್ಮನ್ನು ಹೊಲಕ್ಕೆ ಒಯ್ಯುವ ಟಂಟಂ ಗಾಡಿಗೆ ಅವಳನ್ನೂ ಹತ್ತಿಸಿದೆ. ಬೇವಿನ ಗಿಡದ ಕೆಳಗೆ ನಮ್ಮೆಲ್ಲರ ಮಕ್ಕಳ ನಡುವೆ ಅವಳು ಕೂತದ್ದನ್ನು ಹೊಲದ ಸಾವ್ಕಾರರು ಕಂಡರು.

"ಈ ಮುದುಕಿ ಯಾಕ ಬಂದಾಳಬೇ?"

"ಕೂಲಿಗೆ ಬಂದಾಳ್ರೀ."

"ಕುಂತಾಕಿಗೆ ಕೂಲಿ? ನನಗೇನು ಹುಚ್ಚು ಹಿಡದದ?"

ಇಲ್ಲಿ ನಿಮಗೊಂದು ಕಿವಿಮಾತು. ಚೌಕಾಸಿಯಲ್ಲಿ ನಿಮ್ಮ ಕಷ್ಟ ಹೇಳಬೇಡಿ, ಎದುರಿನವರ ನಷ್ಟ ಹೇಳಿ. ಕಾಯಿಪಲ್ಯದ ಸಂತೆಯಿಂದ ಮದುವೆ ಮಾತುಕತೆಯವರೆಗೂ ಇದು ನಡೆಯುತ್ತದೆ. ನಾನು ಗೌರಿಯ ತೂಕದ ಸುದ್ದಿ ಎತ್ತಲೇ ಇಲ್ಲ.

"ಸಾವ್ಕಾರ್ರ, ಒಂದು ಕೂಸು ಅತ್ರ ಒಬ್ಬಾಕಿ ಏಳ್ತಾಳ. ಆಕಿ ಎದ್ರ ಬಾಜೂದಾಕಿ ಕಳೆ ತೆಗ್ಯೂ ಕುರಪಿ ಇಟ್ಟು ಮಾತಿಗೆ ಕುಂದರ್ತಾಳ. ಮುದುಕಿ ಕೂಲಿ ತುಟ್ಟಿಯೋ, ನಾವು ಎದ್ದೆದ್ದು ಹೋಗೂದು ತುಟ್ಟಿಯೋ, ನೀವೇ ಹೇಳ್ರಿ."

"ಅರ್ಧ ಕೂಲಿ ಕೊಡ್ತೀನಿ, ತಗೋ."

"ಅರ್ಧ ಕೂಲಿಗೆ ಅರ್ಧ ಮಕ್ಕಳನ್ನ ನೋಡ್ತಾಳ್ರೀ. ಉಳಿದ ಅರ್ಧ ಅಳ್ತಾವ."

ಹೆಂಗಸರೆಲ್ಲ ನಕ್ಕರು. ಸಾವ್ಕಾರರೂ ಮೀಸೆಯಡಿ ನಕ್ಕು ಪೂರಾ ಕೂಲಿಗೆ ಒಪ್ಪಿದರು.

ಗೌರಿ ತಿನ್ನುವುದೊಂದು ಬಾಕಿ ಇತ್ತು. ನಮ್ಮ ಬುತ್ತಿಗಳಿಂದ ಚೂರು ರೊಟ್ಟಿ, ಬೇಳೆ, ಶೇಂಗಾ ಪುಡಿ ಕೂಡಿಸಿ ಒಂದೇ ಗಂಗಾಳದಲ್ಲಿ ಕಿವುಚಿ, ಹುಲಿಗೆಮ್ಮವ್ವ ಮಕ್ಕಳನ್ನು ಸುತ್ತ ಕೂರಿಸಿ ತುತ್ತು ಕೊಡುತ್ತಿದ್ದಳು. ನನ್ನ ಕೈತುತ್ತಿಗೆ ಮುಖ ತಿರುಗಿಸುತ್ತಿದ್ದ ಗೌರಿ ಪಕ್ಕದ ಕೂಸಿನ ತುತ್ತನ್ನು ಕಸಿದು ಬಾಯಿಗಿಟ್ಟುಕೊಂಡಳು. ಹತ್ತಿ ಸಾಲಿನ ನಡುವೆ ನಿಂತು ನೋಡಿದೆ. ಕಳ್ಳತನ ಕಂಡು ನಾನು ಅಷ್ಟು ಸಂತೋಷಪಟ್ಟದ್ದು ಮತ್ತೆಂದೂ ಇಲ್ಲ. ಹತ್ತಿ ಬಿಡಿಸುವ ಹೊತ್ತಿಗೆ ತಕ್ಕಡಿಯ ಮುಳ್ಳು ಮೇಲೇರಿತ್ತು. ಈಗ ಅವಳು ಬಸ್ಸು ಹತ್ತಿ ಯರಗೇರಾದ ವಿಶ್ವವಿದ್ಯಾಲಯಕ್ಕೆ ಎಂ.ಎ. ಓದಲು ಹೋಗುತ್ತಾಳೆ.

ಇವತ್ತು ಮಾನ್ವಿ ಕಡೆಯ ರೇಣುಕಾ ಎಂಬ ಹುಡುಗಿ ಕಂಕುಳಲ್ಲಿ ಬಡಕಲು ಕೂಸನ್ನು ಎತ್ತಿಕೊಂಡು ಕೆಲಸ ಕೇಳಲು ಬಂದಳು. ಮಕ್ಕಳಿಗೆ ಉಣಿಸಲೆಂದೇ ಇಲ್ಲಿ ಒಬ್ಬಳಿದ್ದಾಳೆ, ಅವಳಿಗೂ ಪೂರಾ ಪಗಾರ ಎಂದು ಗತ್ತಿನಿಂದ ಹೇಳಿದೆ.

"ಆಕಿ ಬರದ ದಿನಾ?" ಅಂದಳು.

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. "ಆ ದಿನ ನೀನೇ ಎದ್ದು ಉಣಸು" ಅಂದೆ.

"ಪಗಾರ ಮುರೀತೀರೇನ್ರೀ?"

"ಮುರಿಯಂಗಿಲ್ಲ."

"ನನಗೊಬ್ಬಾಕಿಗೋ, ಎಲ್ಲಾರಿಗೋ?"

ಚೌಕಾಸಿಯಲ್ಲಿ ನಾನೇ ಸಿಕ್ಕಿಬಿದ್ದದ್ದು ಆಗ ತಿಳಿಯಿತು. "ಎಲ್ಲಾರಿಗೂ" ಅಂದೆ.

"ಹಂಗಾದ್ರ ಎಲ್ಲಾರ ಮುಂದ ಒಮ್ಮೆ ಹೇಳ್ರಿ, ಅಕ್ಕಾರ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ನಾನು ಗಲ್ಲಾದಿಂದ ಎದ್ದು ಒಳಗೆ ಹೋದೆ, ಗಂಟಲು ಸರಿಮಾಡಿಕೊಂಡೆ, ಎಲ್ಲರಿಗೂ ಕೇಳುವಂತೆ ಹೇಳಿದೆ.